ಸಹಾಯ ಬೇಕು: ಆರೈಕೆ ಮಾಡುತ್ತಿರುವ ಮನೆಯವರ ಜೊತೆ ನಿಲ್ಲುವವರು ಬೇಕಾಗಿದ್ದಾರೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ, ಹಣಕಾಸಿನ ಅಡಚಣೆಯೂ ಇರುವ ಕೆಲವು ಕುಟುಂಬಗಳಿಗೆ ನಾವು ಕೆಲವು ಸ್ವಯಂಸೇವಕರು ಒತ್ತಾಸೆಯಾಗಿ ನಿಂತಿದ್ದು, ಈ ಕೆಲಸಕ್ಕೆ ನಿಮ್ಮ ನೆರವನ್ನು ಕೋರುತ್ತಿದ್ದೇನೆ. ರೋಗಿಗೆ ವೈದ್ಯರಿದ್ದಾರೆ, ಔಷಧವಿದೆ. ಆದರೆ ಮಗ ಮಾತ್ರೆ ನುಂಗಿದನೋ ನಾಲಿಗೆಯಡಿ ಇಟ್ಟುಕೊಂಡನೋ ಎಂದು ದಿನವೂ ಗಮನಿಸುತ್ತ, ರಾತ್ರಿ ಬಾಗಿಲಿಗೆ ಅಡ್ಡವಾಗಿ ಹಾಸಿಗೆ ಹಾಸಿಕೊಂಡು ಮಲಗುವ ತಾಯಿಯನ್ನು ‘ನೀವು ಹೇಗಿದ್ದೀರಿ’ ಎಂದು ಕೇಳುವವರೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನಮಗೆ ತರಬೇತಿ ಕೊಟ್ಟು ಆಮೇಲೂ ನಿಯಮಿತವಾಗಿ ಮಾರ್ಗದರ್ಶನ ಮಾಡಬಲ್ಲ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ಬೇಕಾಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ, ಆರೈಕೆ ಮಾಡುವ ಮನೆಯವರಂತೆ ಒತ್ತಡದಲ್ಲಿರುವವರಿಗೆ ಮಾತುಕತೆಯ ಮೂಲಕ ನೆರವಾಗುವ ಕ್ರಮವನ್ನು, ತಜ್ಞರಲ್ಲದವರೂ ತರಬೇತಿ ಪಡೆದು 5 ಭೇಟಿಗಳಲ್ಲಿ ನಡೆಸಬಹುದು. ನಿಧಾನವಾಗಿ ಉಸಿರಾಡಿ ಒತ್ತಡ ತಗ್ಗಿಸಿಕೊಳ್ಳುವುದು, ಕೈಲಾಗುವ ಸಮಸ್ಯೆಯನ್ನು ಆರಿಸಿಕೊಂಡು ಬಿಡಿಸುವುದು, ನಿಂತುಹೋದ ಚಟುವಟಿಕೆಗಳನ್ನು ಮತ್ತೆ ಆರಂಭಿಸುವುದು, ನೆರವಾಗಬಲ್ಲವರೊಂದಿಗೆ ಸಂಪರ್ಕ ಬೆಳೆಸಿಕೊಳ್ಳುವುದು ಇದರ ತಿರುಳು. ತಜ್ಞರ ಮೇಲ್ವಿಚಾರಣೆ ಇಲ್ಲದೆ ಇದಕ್ಕೆ ಕೈಹಾಕಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಏಕೆಂದರೆ ಮಾತಿನ ನಡುವೆ ಯಾರಾದರೂ ಸಾಯುವ ಯೋಚನೆಯನ್ನು ಹೇಳಿಕೊಂಡರೆ, ಅವರನ್ನು ತಡಮಾಡದೆ ತಜ್ಞರ ಬಳಿಗೆ ತಲುಪಿಸುವ ದಾರಿ ಮೊದಲೇ ಸಿದ್ಧವಿರಬೇಕು.

ವಾರಕ್ಕೊಮ್ಮೆ ಅರ್ಧ ದಿನ ರೋಗಿಯ ಜೊತೆಗಿದ್ದು ಮನೆಯವರಿಗೆ ಬಿಡುವು ಕೊಡಬಲ್ಲವರು, ಮಕ್ಕಳ ಓದಿಗೆ ನೆರವಾಗುವವರು, ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವವರೂ ಬೇಕು. ಉಪದೇಶ ಮಾಡದೆ ಕೇಳಿಸಿಕೊಳ್ಳುವ ತಾಳ್ಮೆ ಇದ್ದವರು ದಯವಿಟ್ಟು ಖಾಸಗಿಯಾಗಿ ಸಂದೇಶ ಕಳುಹಿಸಿ. ನಿಮಗೆ ಪರಿಚಯವಿರುವ ಕುಟುಂಬಕ್ಕೆ ಇಂಥ ನೆರವು ಬೇಕಿದ್ದರೆ, ಅವರ ಒಪ್ಪಿಗೆ ಪಡೆದೇ ತಿಳಿಸಿ. ಹೆಸರನ್ನು ಇಲ್ಲಿ ಬರೆಯಬೇಡಿ.