ಹೊರದೇಶದ ವೆಬ್‌ಸೈಟಲ್ಲಿ ಎಂಬ್ರಾಯ್ಡರಿ ಮಷಿನ್ ಆರ್ಡರ್ ಮಾಡಿದ್ರೆ ಬೇರೇನೋ ಬಂದಿದೆ, ದುಡ್ಡು ವಾಪಸ್ ಬರುತ್ತಾ?

ದಾವಣಗೆರೆ_ಟೈಲರ್
ಎಲ್ರಿಗೂ ನಮಸ್ಕಾರ. ನಾನು ದಾವಣಗೆರೇಲಿ ಮನೇಲೇ ಬ್ಲೌಸ್ ಹೊಲೀತೀನಿ, ಆರಿ ವರ್ಕ್ ಕೈಯಲ್ಲೇ ಹಾಕಿ ಹಾಕಿ ಬೆರಳು ನೋವು ಬಂದು ಒಂದು ಸಣ್ಣ ಎಂಬ್ರಾಯ್ಡರಿ ಮಷಿನ್ ತಗೊಳೋಣ ಅಂತ ಹೊರದೇಶದ ಒಂದು ವೆಬ್‌ಸೈಟಲ್ಲಿ ಆರ್ಡರ್ ಮಾಡಿದ್ದೆ, 14,600 ರೂಪಾಯಿ, ನಮ್ಮನೆಯವ್ರ ಕ್ರೆಡಿಟ್ ಕಾರ್ಡಲ್ಲಿ. 26 ದಿನಕ್ಕೆ ಪಾರ್ಸೆಲ್ ಬಂತು, ಕೈಗೆ ತಗೊಂಡಾಗ್ಲೇ ಎದೆ ಧಸಕ್ ಅಂತು, ಅಷ್ಟು ಹಗುರ. ಬಿಚ್ಚಿ ನೋಡಿದ್ರೆ ಸ್ಟೇಪ್ಲರ್ ಥರ ಕೈಯಲ್ಲಿ ಒತ್ತಿ ಹೊಲಿಯೋ ಪ್ಲಾಸ್ಟಿಕ್ ಮಷಿನ್ನು ಮತ್ತೆ ಎರಡು ದಾರದ ರೀಲು, ಜಾತ್ರೇಲಿ ಮಾರ್ತಾರಲ್ಲ ಅದೇ.

ಮಾರಿದವ್ರಿಗೆ ಫೋಟೋ ಕಳ್ಸಿದೆ. ಮೊದ್ಲು 15 ಪರ್ಸೆಂಟ್ ಕೊಡ್ತೀವಿ ಇಟ್ಕೊಳಿ ಅಂದ್ರು, ಆಮೇಲೆ 30 ಅಂದ್ರು, ಈಗ ನಿಮ್ಮ ಖರ್ಚಲ್ಲೇ ಚೀನಾಕ್ಕೆ ವಾಪಸ್ ಕಳ್ಸಿ ಆಮೇಲೆ ನೋಡೋಣ ಅಂತಾರೆ. ವೆಬ್‌ಸೈಟಲ್ಲಿ ಡೆಲಿವರ್ಡ್ ಅಂತ ತೋರಿಸ್ತಿದೆ. ಬ್ಯಾಂಕಿಗೆ ಹೋದ್ರೆ ಓಟಿಪಿ ನೀವೇ ಹಾಕಿದೀರಲ್ಲ ಮೇಡಂ, ನಮ್ ಕೈಲಿ ಏನೂ ಇಲ್ಲ ಅಂದು ಕಳಿಸ್ಬಿಟ್ರು. ಆರು ತಿಂಗಳು ಕೂಡಿಸಿ ಕಟ್ಟಬೇಕಾದ ದುಡ್ಡದು, ರಾತ್ರಿ ನಿದ್ದೆ ಬರ್ತಿಲ್ಲ. ಗೊತ್ತಿದ್ದವ್ರು ದಯವಿಟ್ಟು ಹೇಳಿ.

ಜಯನಗರ_4ನೇ_ಬ್ಲಾಕ್
ಮೇಡಂ, ನಾನು ಒಂದು ಬ್ಯಾಂಕಿನ ಕಾರ್ಡ್ ಡಿಸ್ಪ್ಯೂಟ್ (ಕಾರ್ಡ್ ಪೇಮೆಂಟ್ ತಕರಾರು) ಟೀಮಲ್ಲಿ ಆರು ವರ್ಷ ಕೆಲಸ ಮಾಡಿದೀನಿ, ಅದಕ್ಕೇ ಉದ್ದ ಬರೀತಿದೀನಿ. ಮೊದಲನೇದು, ಆ 15, 30 ಪರ್ಸೆಂಟಿಗೆ ಯಾವ ಕಾರಣಕ್ಕೂ ಒಪ್ಕೋಬೇಡಿ. ಒಪ್ಕೊಂಡ್ರೆ ವ್ಯವಹಾರ ಮುಗೀತು ಅಂತ ಅವ್ರು ಬ್ಯಾಂಕಿಗೆ ಅದನ್ನೇ ತೋರಿಸ್ತಾರೆ. ಆ್ಯಪಲ್ಲಿ ಮಾಲು ಸರಿಯಾಗಿ ಬಂತು ಅಂತ ಕನ್ಫರ್ಮ್ ಮಾಡೋ ಬಟನ್ ಇದ್ರೆ ಅದನ್ನೂ ಒತ್ಬೇಡಿ.

ಎರಡನೇದು, ಬ್ರಾಂಚಲ್ಲಿ ಹೇಳಿದ್ದು ತಪ್ಪು. ಓಟಿಪಿ ಪ್ರಶ್ನೆ ಬರೋದು ನಿಮಗೆ ಗೊತ್ತಿಲ್ಲದೇ ಬೇರೆ ಯಾರೋ ದುಡ್ಡು ತೆಗೆದಾಗ. ನಿಮ್ದು ಅದಲ್ಲ, ದುಡ್ಡು ಕೊಟ್ಟಿದ್ದು ನೀವೇ, ಆದ್ರೆ ಹೇಳಿದ ಮಾಲು ಬಂದಿಲ್ಲ. ಇದಕ್ಕೆ ಚಾರ್ಜ್‌ಬ್ಯಾಕ್ ಅಂತ ಬೇರೆ ದಾರಿನೇ ಇದೆ, ಅಂದ್ರೆ ಮಾರಿದವ್ರಿಗೆ ಹೋದ ದುಡ್ಡನ್ನ ನಿಮ್ಮ ಬ್ಯಾಂಕ್ ಕಾರ್ಡ್ ಕಂಪನಿ ಮೂಲಕ ವಾಪಸ್ ಕೇಳೋದು. ವೀಸಾದಲ್ಲಿ ಇದರ ರೀಸನ್ ಕೋಡ್ (ತಕರಾರಿನ ಕಾರಣದ ನಂಬರ್) 13.3, ಮಾಸ್ಟರ್‌ಕಾರ್ಡಲ್ಲಿ 4853. ಬ್ರಾಂಚ್ ಬಿಟ್ಬಿಡಿ, ಕಾರ್ಡಿನ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ ಡಿಸ್ಪ್ಯೂಟ್ ಫಾರ್ಮ್ ಕೇಳಿ, "ನಾಟ್ ಆ್ಯಸ್ ಡಿಸ್ಕ್ರೈಬ್ಡ್" (ಹೇಳಿದ ಥರ ಮಾಲು ಇಲ್ಲ) ಅನ್ನೋ ಪದ ಅದ್ರಲ್ಲಿ ಇರ್ಲಿ. ಫ್ರಾಡ್ ಅಂತ ಮಾತ್ರ ಬರೀಬೇಡಿ, ಬರೆದ್ರೆ ಮತ್ತೆ ಓಟಿಪಿ ಹತ್ರನೇ ಬಂದು ನಿಲ್ತಾರೆ. ಕಾರ್ಡ್ ನಿಮ್ಮ ಯಜಮಾನ್ರದ್ದು ಅಲ್ವಾ, ಅರ್ಜಿ ಸಹಿ ಎಲ್ಲ ಅವ್ರದ್ದೇ ಇರ್ಬೇಕು. ಸಾಮಾನ್ಯವಾಗಿ 120 ದಿನ ಟೈಮ್ ಇರುತ್ತೆ, ಮಾರಿದವ್ರು ಇವತ್ತು ನಾಳೆ ಅಂತ ಎಳೆಯೋದೇ ಈ ಟೈಮ್ ಮುಗೀಲಿ ಅಂತ.

ಒಂದು ಮಾತು ಕೇಳ್ತೀನಿ, ಕವರ್ ಎಸೆದಿಲ್ಲ ತಾನೆ? ಅದ್ರ ಮೇಲಿರೋ ಲೇಬಲಲ್ಲಿ ತೂಕ ಎಷ್ಟು ಅಂತ ನೋಡಿ ಹೇಳಿ.

ದಾವಣಗೆರೆ_ಟೈಲರ್
ಕವರ್ ಇದೆ ಸರ್, ಕಸಕ್ಕೆ ಹಾಕೋಕೆ ಅಂತ ಬಾಗ್ಲ ಹಿಂದೆ ಇಟ್ಟಿದ್ದೆ ಈಗ ತಗೊಂಡು ಬಂದೆ. ಲೇಬಲಲ್ಲಿ 0.38 ಕೆಜಿ ಅಂತಿದೆ. ವೆಬ್‌ಸೈಟಲ್ಲಿ ಮಷಿನ್ ತೂಕ 6.5 ಕೆಜಿ ಅಂತ ಹಾಕಿದಾರೆ.

ಜಯನಗರ_4ನೇ_ಬ್ಲಾಕ್
ನಿಮ್ಮ ಕೇಸಿಗೆ ಅದೇ ಜೀವಾಳ ಮೇಡಂ. ಡೆಲಿವರಿ ಆಗಿದೆ ಅಂತ ಅವ್ರು ಟ್ರ್ಯಾಕಿಂಗ್ ತೋರಿಸ್ತಾರೆ, ನೀವು ಆರೂವರೆ ಕೆಜಿ ಮಷಿನ್ನು 380 ಗ್ರಾಂ ಪಾರ್ಸೆಲಲ್ಲಿ ಹೇಗೆ ಬರುತ್ತೆ ಅಂತ ಕೇಳಿ. ಲೇಬಲ್ ಫೋಟೋ, ಬಂದ ವಸ್ತು ತಕ್ಕಡಿ ಮೇಲಿಟ್ಟ ಫೋಟೋ, ವೆಬ್‌ಸೈಟ್ ಪೇಜಿನ ಸ್ಕ್ರೀನ್‌ಶಾಟು (ಇವತ್ತೇ ತೆಗೀರಿ, ನಾಳೆ ಆ ಪೇಜ್ ಇರುತ್ತೋ ಇಲ್ವೋ), ಚಾಟ್ ಪೂರ್ತಿ, ಇಷ್ಟೂ ಒಂದೇ ಪಿಡಿಎಫ್ ಮಾಡಿ ಕಳ್ಸಿ. ಬಂದ ವಸ್ತು ಹಾಗೇ ಎತ್ತಿಡಿ. ಕಾರ್ಡ್ ಬಿಲ್ ಡೇಟ್ ಮಾತ್ರ ತಪ್ಪಿಸ್ಬೇಡಿ, ಬಡ್ಡಿ ಬೀಳುತ್ತೆ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡ್ಲಿಲ್ಲ ಅಥವಾ ಸುಮ್ನೆ ಆಗಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಆನ್‌ಲೈನಲ್ಲೇ ದೂರು ಕೊಡ್ಬಹುದು, ದುಡ್ಡು ಕಟ್ಟಬೇಕಾಗಿಲ್ಲ.

ಸುಮ್ನೆ_ಓದುಗ
ಇವ್ರು ಹೊಲಿಗೆ ವ್ಯಾಪಾರಕ್ಕೆ ತಗೊಂಡಿದ್ದು ಅಂದ್ಮೇಲೆ ಗ್ರಾಹಕರು ಅಂತಾನೇ ಲೆಕ್ಕಕ್ಕೆ ಬರಲ್ಲ ಅಲ್ವಾ? ಕನ್ಸ್ಯೂಮರ್ ಕೋರ್ಟಿಗೆ ಹೋಗೋಕೆ ಆಗಲ್ಲ ಅನ್ಸುತ್ತೆ.

ಧಾರವಾಡದ_ಮಂದಿ
ಹಂಗಿಲ್ರಿ. ಹೊಟ್ಟಿಪಾಡಿಗೆ ಸ್ವಂತ ಉದ್ಯೋಗ ಮಾಡೋರು ಆ ಉದ್ಯೋಗಕ್ಕಂತನ ತಗೊಂಡ್ರ ಅವರೂ ಗ್ರಾಹಕರ ಅಂತ 2019ರ ಗ್ರಾಹಕರ ರಕ್ಷಣಾ ಕಾಯ್ದೆದಾಗನ ಬರದೈತಿ. ಅಕ್ಕಾರ, ಈ ಮಾತಿಗೆ ನೀವೇನೂ ಅಂಜಬ್ಯಾಡ್ರಿ.

ಬ್ಯಾಂಕಿನ ದಾರಿ ಮೊದ್ಲ ಹಿಡೀರಿ, ಅದರ ಜೋಡಿ 1915ಕ್ಕ ಫೋನ್ ಹಚ್ರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಾಗೂ ಮಾತಾಡ್ತಾರ. 2020ರ ಇ-ಕಾಮರ್ಸ್ ನಿಯಮ ಹೊರದೇಶದಾಗ ಕುಂತು ನಮ್ಮ ಮಂದಿಗೆ ಕಾಯಮ್ ಮಾಲು ಮಾರೋ ಕಂಪನಿಗೂ ಅನ್ವಯ ಆಗತಾವ, ದೂರು ಕೊಟ್ಟ 48 ತಾಸಿನಾಗ ಮುಟ್ಟೈತಿ ಅಂತ ಹೇಳಬೇಕು, ಒಂದು ತಿಂಗಳದಾಗ ಬಗಿಹರಿಸಬೇಕು. ಜಿಲ್ಲಾ ಗ್ರಾಹಕರ ಆಯೋಗಕ್ಕ ನೀವು ದಾವಣಗೆರಿಯೊಳಗನ ಕೇಸ್ ಹಾಕಬಹುದು, ಮಾಲಿಗೆ ಕೊಟ್ಟ ರೊಕ್ಕ 5 ಲಕ್ಷದ ತನಕ ಇದ್ರ ಫೀ ಇಲ್ಲ, ಎರಡು ವರ್ಷ ಟೈಮ್ ಐತಿ.

ಆದ್ರ ಒಂದು ಖರೇ ಮಾತು ಹೇಳ್ತೀನ್ರಿ. ನಾನೂ ಹಿಂಗ ಒಂದು ಹೊರಗಿನ ವೆಬ್‌ಸೈಟಿನ ಮ್ಯಾಲೆ ಕೇಸ್ ಹಾಕಿದ್ದೆ, ಅವರಿಗೆ ಇಲ್ಲಿ ಆಫೀಸ್ ಇಲ್ಲ ಏನಿಲ್ಲ, ನೋಟಿಸ್ ಹೋದಂಗ ವಾಪಸ್ ಬಂತು. ಕಾಯ್ದೆ ನಮ್ಮ ಕಡೀಗಿದ್ರೂ ಅಲ್ಲಿಂದ ರೊಕ್ಕ ಬಿಡಿಸೋದು ಭಾಳ ಕಷ್ಟ. ಅಷ್ಟರಾಗ ನಂದು ಬ್ಯಾಂಕಿನ ಟೈಮೂ ಮುಗದಿತ್ತು. ನೀವು ಆ ತಪ್ಪು ಮಾಡಬ್ಯಾಡ್ರಿ, ನಾಳೆ ಮುಂಜಾನೆನ ಇಮೇಲ್ ಹಾಕ್ರಿ.

ದಾವಣಗೆರೆ_ಟೈಲರ್
ಎಲ್ರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ್ ದಿನಾನೇ ನಮ್ಮನೆಯವ್ರು ಇಮೇಲ್ ಹಾಕಿದ್ರು, ತರಕಾರಿ ಅಂಗಡಿ ತಕ್ಕಡಿ ಮೇಲಿಟ್ಟು ಫೋಟೋ ತೆಗೆದ್ವಿ. 12 ದಿನ ಆಯ್ತು, ಇವತ್ತು ಬೆಳಗ್ಗೆ ಕಾರ್ಡಿಗೆ 14,600 ಟೆಂಪರರಿ ಕ್ರೆಡಿಟ್ ಅಂತ ಮೆಸೇಜ್ ಬಂದಿದೆ. ಮುಗೀತಾ ಸರ್ ಇದು?

ಜಯನಗರ_4ನೇ_ಬ್ಲಾಕ್
ಒಳ್ಳೇ ಸುದ್ದಿ ಮೇಡಂ, ತುಂಬಾ ಖುಷಿ ಆಯ್ತು. ಆದ್ರೆ ಇನ್ನೂ ಮುಗಿದಿಲ್ಲ, ಮಾರಿದವ್ರಿಗೆ ಉತ್ತರ ಕೊಡೋಕೆ ಟೈಮ್ ಇರುತ್ತೆ, ಅವ್ರು ಗೆದ್ರೆ ಆ ಕ್ರೆಡಿಟ್ ವಾಪಸ್ ತೆಗೀತಾರೆ. ಡಿಸ್ಪ್ಯೂಟ್ ಕ್ಲೋಸ್ ಆಯ್ತು ಅಂತ ಬ್ಯಾಂಕಿಂದ ಬರಹದಲ್ಲಿ ಬರೋವರೆಗೂ ಆ ದುಡ್ಡು ಮುಟ್ಬೇಡಿ, ಬ್ಯಾಂಕ್ ಇನ್ನೇನಾದ್ರೂ ಕೇಳಿದ್ರೆ ಅವತ್ತೇ ಕಳ್ಸಿ. ಕವರ್ ಆ ಬಾಗ್ಲ ಹಿಂದಿಂದ ತೆಗೆದು ಬೀರು ಒಳಗೆ ಇಡಿ.