ಅಮ್ಮನಿಗೆ ಬೇರೆ ಗುಂಪಿನ ರಕ್ತ ಏರಿಸಿದ್ದಾರೆ: ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಬಹುದೇ?

ಕೇಳಿದವರು, ತುಮಕೂರು

ಅಮ್ಮನದು ಓ ಪಾಸಿಟಿವ್. ಸೊಂಟದ ಮೂಳೆ ಮುರಿದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ರಕ್ತ ಏರಿಸುವಾಗ ನಡುಕ, ಬೆನ್ನುನೋವು ಶುರುವಾಯಿತು. ಸಂಜೆಗೆ ಮೂತ್ರ ಕಾಫಿ ಡಿಕಾಕ್ಷನ್‌ನಂತಾಗಿತ್ತು. ರಕ್ತದ ಚೀಲದ ಮೇಲೆ ಬಿ ಪಾಸಿಟಿವ್ ಎಂದಿತ್ತು; ತಂಗಿ ಫೋಟೊ ತೆಗೆದಿದ್ದಾಳೆ. ಡಯಾಲಿಸಿಸ್ ಆಗಿ ಅಮ್ಮ ಈಗ ಮನೆಯಲ್ಲಿದ್ದಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ರಕ್ತದ ಸುದ್ದಿಯೇ ಇಲ್ಲ, ‘ಸೋಂಕು’ ಎಂದು ಬರೆದಿದ್ದಾರೆ. ಬಾಕಿ ಬಿಲ್ ಮನ್ನಾ ಮಾಡುತ್ತೇವೆ, ಈ ಕಾಗದಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಇಂಥದ್ದನ್ನು ಕಂಡವರು ದಾರಿ ಹೇಳಿ.

ನಿವೃತ್ತ ಸ್ಟಾಫ್ ನರ್ಸ್, ಹಾಸನ

ಮೊದಲು ತಂಗಿಯ ಫೋಟೊವನ್ನು ಇನ್ನೆರಡು ಕಡೆ ಉಳಿಸಿಡಿ. ಅದರಲ್ಲಿ ಗುಂಪಿನ ಜೊತೆಗೆ ಚೀಲದ ಸಂಖ್ಯೆಯೂ ಕಾಣುತ್ತದೆಯೇ ನೋಡಿ. ಆ ಸಂಖ್ಯೆ ಹಿಡಿದು ಹೋದರೆ ಚೀಲ ಯಾವ ರೋಗಿಯ ಹೆಸರಿಗೆ ಬಂದಿತ್ತೆಂಬುದು ರಕ್ತನಿಧಿಯ ಪುಸ್ತಕದಲ್ಲಿ ಸಿಗುತ್ತದೆ.

ತಪ್ಪು ನಡೆಯುವುದು ಹೆಚ್ಚಾಗಿ ಎರಡು ಕಡೆ. ಒಂದು, ಪರೀಕ್ಷೆಗೆ ರಕ್ತ ತೆಗೆದು ಟ್ಯೂಬಿಗೆ ಹೆಸರು ಬರೆಯುವಾಗ. ಮಂಚದ ಪಕ್ಕದಲ್ಲೇ ಬರೆಯದೆ ಮೇಜಿಗೆ ಒಯ್ದು ನಾಲ್ಕೈದು ಟ್ಯೂಬಿಗೆ ಒಟ್ಟಿಗೆ ಬರೆದರೆ ಮುಗಿಯಿತು; ಚೀಲದ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್ ಮ್ಯಾಚ್ ಪರೀಕ್ಷೆ ಸರಿಯಾಗಿಯೇ ಬರುತ್ತದೆ, ಆದರೆ ಬೇರೆಯವರಿಗೆ! ಇನ್ನೊಂದು, ಚೀಲ ನೇತುಹಾಕುವಾಗ. ಇಬ್ಬರು ನಿಂತು ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಕೈಪಟ್ಟಿ, ಚೀಲದ ಸಂಖ್ಯೆ, ಗುಂಪು, ಅವಧಿ ಎಲ್ಲವನ್ನೂ ಓದಿ ಹೊಂದಿಸಿ ಸಹಿ ಹಾಕಬೇಕು. ಮೊದಲ ಹದಿನೈದು ನಿಮಿಷ ರೋಗಿಯ ಮೇಲೆ ಕಣ್ಣಿಟ್ಟಿರಬೇಕು. ರಾತ್ರಿ ಪಾಳಿಯಲ್ಲಿ ಎರಡನೆಯ ಸಹಿ ಬೆಳಿಗ್ಗೆ ಬೀಳುವುದನ್ನೂ ಕಂಡಿದ್ದೇನೆ, ಮುಚ್ಚಿಡುವುದೇಕೆ.

ಹಾಗಾಗಿ ಬರಿಯ ಡಿಸ್ಚಾರ್ಜ್ ಸಮ್ಮರಿಗೆ ತೃಪ್ತರಾಗಬೇಡಿ. ರಕ್ತಕ್ಕೆ ಕಳಿಸಿದ ಬೇಡಿಕೆ ಪತ್ರ, ಕ್ರಾಸ್ ಮ್ಯಾಚ್ ವರದಿ, ರಕ್ತ ಏರಿಸಿದ ದಾಖಲೆ, ಜ್ವರ, ನಾಡಿ, ಬಿಪಿಯ ಚಾರ್ಟ್, ನರ್ಸಿಂಗ್ ನೋಟ್ಸ್ ಎಲ್ಲವನ್ನೂ ಕೇಳಿ. ರೋಗಿಗೆ ತೊಂದರೆಯಾದಾಗ ಉಳಿದ ಚೀಲವನ್ನೂ ಹೊಸ ರಕ್ತದ ಮಾದರಿಯನ್ನೂ ರಕ್ತನಿಧಿಗೆ ವಾಪಸು ಕಳಿಸುವ ಕ್ರಮವಿದೆ. ಕಳಿಸಿದ್ದರೆ ಅದರ ವರದಿ ಬೇಕು. ಕಳಿಸಿಲ್ಲವೆಂದರೆ ಏಕೆ ಎಂದು ಬರವಣಿಗೆಯಲ್ಲೇ ಕೇಳಿ.

ಲ್ಯಾಬ್ ತಂತ್ರಜ್ಞ, ಹುಬ್ಬಳ್ಳಿ

ಒಂದು ಎಚ್ಚರಿಕೆ. ರಕ್ತ ಏರಿಸುವಾಗ ಬರುವ ಜ್ವರ, ನಡುಕವೆಲ್ಲ ಗುಂಪು ತಪ್ಪಿದ್ದರಿಂದಲೇ ಆಗಬೇಕೆಂದಿಲ್ಲ. ಗುಂಪು ಸರಿಯಿದ್ದಾಗಲೂ ಬರುತ್ತದೆ. ನಿಮ್ಮ ವಿಷಯದಲ್ಲಿ ಮೂತ್ರದ ಬಣ್ಣ, ಡಯಾಲಿಸಿಸ್, ಚೀಲದ ಫೋಟೊ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ, ನಿಜ. ಆದರೂ ಅಮ್ಮನ ಗುಂಪನ್ನು ಬೇರೆ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ವರದಿ ಇಟ್ಟುಕೊಳ್ಳಿ. ಹಳೆಯ ಚೀಟಿಯೇ ತಪ್ಪಾಗಿತ್ತು ಎಂದು ನಾಳೆ ಅವರು ವಾದಿಸಬಹುದು.

ಅಪ್ಪನ ಪರವಾಗಿ ದಾವೆ ಹೂಡಿದವರು, ಶಿವಮೊಗ್ಗ

ನಮಗೂ ‘ಸೋಂಕು’ ಎಂದೇ ಹೇಳಿದ್ದರು. ಕೇಸ್ ಶೀಟ್ ಕೈಗೆ ಬಂದಾಗ ಅಪ್ಪ ಗಡಗಡ ನಡುಗಿದ ಆ ಮಧ್ಯಾಹ್ನದುದ್ದಕ್ಕೂ ಜ್ವರ 98.6, ಎಲ್ಲ ಒಂದೇ ಕೈಬರಹ, ಒಂದೇ ಶಾಯಿ. ನಮ್ಮನ್ನು ಉಳಿಸಿದ್ದು ಔಷಧಿ ಅಂಗಡಿಯ ಬಿಲ್. ಅದೇ ಹೊತ್ತಿಗೆ ನನ್ನನ್ನು ಓಡಿಸಿ ತರಿಸಿದ, ಅಲರ್ಜಿಯಂಥ ತೊಂದರೆಗೆ ಕೊಡುವ ಹೈಡ್ರೋಕಾರ್ಟಿಸೋನ್, ಜ್ವರದ ಪ್ಯಾರಾಸಿಟಮಾಲ್ ಚುಚ್ಚುಮದ್ದಿನ ಬಿಲ್ಲಿನ ಮೇಲೆ ಗಂಟೆ, ನಿಮಿಷ ಮುದ್ರಿತವಾಗಿತ್ತು. ಜ್ವರವಿಲ್ಲದವರಿಗೆ ಇದೇಕೆ ಎಂದು ನಮ್ಮ ವಕೀಲರು ಕೇಳಿದಾಗ ಉತ್ತರ ಬರಲಿಲ್ಲ. ನಿಮ್ಮ ಬಳಿಯಿರುವ ಒಂದು ಬಿಲ್ಲನ್ನೂ ಎಸೆಯಬೇಡಿ. ಅಕ್ಷರ ಬೇಗ ಮಾಸುತ್ತದೆ, ಇಂದೇ ಜೆರಾಕ್ಸ್ ಮಾಡಿಸಿ.

‘ಗುಂಪು ತಪ್ಪಿದ್ದರೆ ಬದುಕುತ್ತಿದ್ದರೇ?’ ಎಂದೂ ಕೇಳುತ್ತಾರೆ, ಸಿದ್ಧರಾಗಿರಿ. ಚಂಡೀಗಢದ ಪಿಜಿಐ ಆಸ್ಪತ್ರೆಯ ಪ್ರಕರಣವನ್ನು ವಕೀಲರಿಗೆ ನೆನಪಿಸಿ. 1996ರಲ್ಲಿ ಸುಟ್ಟ ಗಾಯಗಳಿಗೆ ಚಿಕಿತ್ಸೆ ಪಡೆಯುತ್ತಿದ್ದ ಎ ಪಾಸಿಟಿವ್ ಮಹಿಳೆಗೆ ಅಲ್ಲಿ ಬಿ ಪಾಸಿಟಿವ್ ರಕ್ತ ಕೊಟ್ಟಿದ್ದರು. ಆಕೆ ಆಮೇಲೂ ಕೆಲವು ವಾರ ಬದುಕಿದ್ದು ತೀರಿಕೊಂಡರು; ಸಾವಿಗೆ ಕಾರಣ ಸೋಂಕು ಎಂದೇ ಸಂಸ್ಥೆಯ ವಾದ. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ತಪ್ಪು ರಕ್ತ ಏರಿಸುವುದು ವೈದ್ಯರ ತೀರ್ಮಾನದಲ್ಲಾದ ಲೋಪವಲ್ಲ, ನಿಶ್ಚಿತವಾಗಿ ನಿರ್ಲಕ್ಷ್ಯವೇ ಎಂದಿತು. ಆದರೆ ಆ ಕುಟುಂಬಕ್ಕೆ ಸಿಕ್ಕ ಪರಿಹಾರ ಎರಡು ಲಕ್ಷ ರೂಪಾಯಿ, ಅದೂ ಅಷ್ಟು ವರ್ಷಗಳ ಮೇಲೆ. ಹಣದ ಆಸೆಯೊಂದನ್ನೇ ಹೊತ್ತು ಹೊರಡುವವರಿಗೆ ಇದು ಹೇಳಿದ ದಾರಿಯಲ್ಲ.

ಇನ್ನೊಬ್ಬರು

ಇಷ್ಟೆಲ್ಲ ಏಕೆ? ನೇರವಾಗಿ ಪೊಲೀಸ್ ಠಾಣೆಗೆ ಹೋಗಿ.

ವಕೀಲರು, ಮೈಸೂರು

ಹೋಗಬಹುದು, ಆದರೆ ಕ್ರಿಮಿನಲ್ ಪ್ರಕರಣಕ್ಕೆ ಘೋರ ನಿರ್ಲಕ್ಷ್ಯವೇ ಬೇಕೆಂದು, ಕ್ರಮಕ್ಕೆ ಮುನ್ನ ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕೆಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ಪರಿಹಾರಕ್ಕೆ ಗ್ರಾಹಕ ಆಯೋಗವೇ ಸುಲಭದ ಬಾಗಿಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ ತುಮಕೂರಿನಲ್ಲೇ ಸಾಧ್ಯ. ಘಟನೆಯಾಗಿ ಎರಡು ವರ್ಷದೊಳಗೆ ಕೊಡಬೇಕು. ಶುಲ್ಕ ನಿಂತಿರುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ. ಅದು ಐದು ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ರಕ್ತನಿಧಿ ಬೇರೆ ಸಂಸ್ಥೆಯದ್ದಾಗಿದ್ದರೆ ಅದನ್ನೂ ಎದುರುದಾರರನ್ನಾಗಿ ಸೇರಿಸಿ, ಇಲ್ಲದಿದ್ದರೆ ಇಬ್ಬರೂ ಪರಸ್ಪರ ಕೈತೋರಿಸಿ ಜಾರಿಕೊಳ್ಳುತ್ತಾರೆ.

ಸಹಿಯ ವಿಷಯ: ‘ಮುಂದೆ ಯಾವುದೇ ತಕರಾರು ಇಲ್ಲ’ ಎಂಬ ಸಾಲು ಆ ಕಾಗದದಲ್ಲಿ ಇದ್ದೇ ಇರುತ್ತದೆ. ದಾಖಲೆ ಕೈಸೇರಿ, ಯಾರಾದರೂ ಮೂತ್ರಪಿಂಡ ತಜ್ಞರು ಅಮ್ಮನನ್ನು ನೋಡಿ ಮುಂದೇನು ಎಂದು ಹೇಳುವವರೆಗೆ ಪೆನ್ನು ಮುಟ್ಟಬೇಡಿ.

ಕೇಳಿದವರು, ತುಮಕೂರು

ಎಲ್ಲರಿಗೂ ಧನ್ಯವಾದ. ದಾಖಲೆ ಕೇಳಿದ್ದಕ್ಕೆ ‘ತಿಂಗಳು ಬಿಟ್ಟು ಬನ್ನಿ’ ಎಂದರು.

ವಕೀಲರು, ಮೈಸೂರು

ಬಾಯಲ್ಲಿ ಕೇಳಿದ್ದೀರಿ, ಬಾಯಲ್ಲೇ ಉತ್ತರ ಬಂದಿದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ, ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಈ ಸಾಲನ್ನೇ ಬರೆದು ಅಮ್ಮನ ಸಹಿ ಹಾಕಿಸಿ, ಒಂದು ಪ್ರತಿಯನ್ನು ವೈದ್ಯಕೀಯ ಅಧೀಕ್ಷಕರ ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ದಿನಾಂಕವಿರುವ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಎಂದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.