ಅಪ್‌ಡೇಟ್: ಸಿಂಥೆಟಿಕ್ ಎಂಜಿನ್ ಆಯಿಲ್ಲೇ ಹಾಕಿಸಿದೆ, ಆದರೆ ಮೊದಲು ಗ್ಯಾಸ್ಕೆಟ್

ಹೋದ ತಿಂಗಳು ಕೇಳಿದ್ದೆನಲ್ಲ, ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ 2013ರ ಪೆಟ್ರೋಲ್ ಕಾರಿಗೆ ಮಾಮೂಲಿ ಮಿನರಲ್ ಎಂಜಿನ್ ಆಯಿಲ್ಲಾ, ಕೃತಕವಾಗಿ ತಯಾರಿಸಿದ ಸಿಂಥೆಟಿಕ್ಕಾ ಅಂತ? ಕೊನೆಗೆ ಸಿಂಥೆಟಿಕ್ ಹಾಕಿಸಿದೆ, ಮ್ಯಾನ್ಯುಯಲ್‌ನಲ್ಲಿರುವ 5ಡಬ್ಲ್ಯೂ-30 ಗ್ರೇಡೇ (ಎಣ್ಣೆ ಎಷ್ಟು ಮಂದ ಅಂತ ಹೇಳುವ ಗುರುತು). ಹಡಪ್ಸರ್ ಕಡೆಯ ಮೆಕ್ಯಾನಿಕ್ "ಹಳೇ ಗಾಡಿ, ಸಿಂಥೆಟಿಕ್ ಹಾಕಿದರೆ ಸೋರುತ್ತೆ" ಅಂತ ಹೆದರಿಸಿದ್ದ. ಟಾರ್ಚ್ ಹಿಡಿದು ನೋಡಿದರೆ ವಾಲ್ವ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಅಂಚಿನಲ್ಲಿ ಎಣ್ಣೆ ಜಿನುಗಿ ಧೂಳು ಕಪ್ಪಗೆ ಮೆತ್ತಿಕೊಂಡಿತ್ತು, ಅಂದರೆ ಒಳಗಿದ್ದ ಮಿನರಲ್ ಆಯಿಲೇ ಆಗಲೇ ಸೋರುತ್ತಿತ್ತು ಅಲ್ವಾ! ಸಿಂಥೆಟಿಕ್ ಆಯಿಲ್ ಸೀಲನ್ನು (ಎಣ್ಣೆ ಸೋರದಂತೆ ತಡೆಯುವ ರಬ್ಬರ್) ತಿನ್ನುವುದಿಲ್ಲ. ಸವೆದ ಸೀಲ್ ಸುತ್ತ ಕಟ್ಟಿದ ಜಿಡ್ಡು ತೊಳೆದುಹೋದಾಗ ಅದು ಮುಚ್ಚಿಟ್ಟಿದ್ದ ಸೋರಿಕೆ ಹೊರಬೀಳುತ್ತದೆ, ಅಷ್ಟೇ. ಅದಕ್ಕೇ ಮೊದಲು ಆ ಮುಚ್ಚಳದ ಗ್ಯಾಸ್ಕೆಟ್ (ಅಂಚಿನಲ್ಲಿ ಸೋರದಂತೆ ಕೂರಿಸುವ ಪಟ್ಟಿ), ಫಿಲ್ಟರ್ ಎರಡೂ ಹೊಸದು ಹಾಕಿಸಿದೆ. ಬೆಳಗಾವಿಗೆ ಹೋಗಿ ಬಂದೆ, ಡಿಪ್‌ಸ್ಟಿಕ್‌ನಲ್ಲಿ (ಎಣ್ಣೆ ಅಳೆಯುವ ಕಡ್ಡಿ) ಮಟ್ಟ ಇಳಿದಿಲ್ಲ. ಮೈಲೇಜ್ ಮಾತ್ರ ಮೊದಲಿನಷ್ಟೇ, ಜಾಸ್ತಿ ಆಗುತ್ತೆ ಅಂದವರು ಸುಮ್ನೆ ಆಸೆ ಹುಟ್ಟಿಸಿದ್ದರು.